ಬಿಗಿ ಚಾಕಿನ ನಡೆ-ನುಡಿ

ಡಿಸೆಂಬರ್ ಬೆಳಗಿನ ಚಳಿಗೆ ಹೈದರಾಬಾದಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತದೆ. ಅದನ್ನು ಬಿಸಿಲಿಗಿಡುವುದೋ ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸುವುದೋ ಎಲ್ಲರಿಗೂ ರೂಢಿ. ಆದರೆ ಒಂದು ತಿಂಗಳ ಹಿಂದೆ ಅದೇ ಎಣ್ಣೆಯ ಎರಡು ಹನಿಯನ್ನು ಜೇಬಿನ ಮಡಿಸುವ ಚಾಕಿಗೂ ಬಿಟ್ಟಿದ್ದು ಯಾರಿಗೂ ನೆನಪಿರುವುದಿಲ್ಲ. ಮಧ್ಯಾಹ್ನ ಸಲೀಸಾಗಿ ತೆರೆಯುವ ಚಾಕು ಬೆಳಗ್ಗೆ ಉಗುರು ಕಿತ್ತುಬರುವಷ್ಟು ಬಿಗಿಯಾಗಿರುತ್ತದೆ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈ ಊರಿನ ಚಳಿಗಾಲದ ರಾತ್ರಿ 15 ಡಿಗ್ರಿಯ ಆಚೀಚೆಗೆ ಇಳಿಯುತ್ತದೆ. ಬಾಟಲಿಯಲ್ಲಿ ಆದದ್ದೇ ಚಾಕಿನ ಕೀಲಿನೊಳಗೂ ಆಗಿರುತ್ತದೆ.

ಬಿಗಿ ಚಾಕಿನ ಕಷ್ಟ ಬಹಳ ಸಲ ಇಂಥ ಸಣ್ಣ ಕಾರಣದಿಂದಲೇ ಹುಟ್ಟುತ್ತದೆ. ಕಾರಣ ಹುಡುಕುವ ತಾಳ್ಮೆ ಇಲ್ಲದವರು ಇಕ್ಕಳ ತೆಗೆಯುತ್ತಾರೆ, ಅಲಗನ್ನು ಹಿಡಿದು ಜಗ್ಗುತ್ತಾರೆ, ಕೊನೆಗೆ ಬೆರಳು ಕೊಯ್ದುಕೊಳ್ಳುತ್ತಾರೆ ಅಥವಾ ಚಾಕನ್ನು ಡ್ರಾಯರಿನ ಮೂಲೆಗೆ ಎಸೆಯುತ್ತಾರೆ. ಹೊಸ ಚಪ್ಪಲಿ ಕಚ್ಚಿದರೆ ನಾಲ್ಕು ದಿನ ಸಹಿಸಿಕೊಳ್ಳುವ ನಾವು ಹೊಸ ಚಾಕಿಗೆ ನಾಲ್ಕು ನಿಮಿಷವನ್ನೂ ಕೊಡುವುದಿಲ್ಲ.

ಹಿಂದಿನವರಿಗೆ ಈ ಪಾಠ ಅಡಕತ್ತರಿಯಿಂದಲೇ ಆಗಿತ್ತು. ಎಲೆಯಡಿಕೆಯ ತಟ್ಟೆ ಇದ್ದ ಪ್ರತಿ ಕನ್ನಡ ಮನೆಯಲ್ಲೂ ಒಂದು ಅಡಕತ್ತರಿ ಇರುತ್ತಿತ್ತು. ಹೈದರಾಬಾದಿನ ಪಾನದಾನಿನಲ್ಲಿ ಅದೇ ಸರೋತಾ. ಸಂತೆಯಿಂದ ತಂದ ಹೊಸ ಅಡಕತ್ತರಿ ಯಾವತ್ತೂ ಬಿಗಿ. ಅಜ್ಜಿ ಅದರ ಕೀಲಿಗೆ ಎಣ್ಣೆ ಬಿಟ್ಟು, ಜಗಲಿಯ ಮೇಲೆ ಕೂತು, ಮಾತಾಡುತ್ತಾ ಮಾತಾಡುತ್ತಾ ಬರಿದೇ ತೆರೆದು ಮುಚ್ಚಿ ಮಾಡುತ್ತಿದ್ದಳು. ಅಡಕೆ ಆಮೇಲೆ. ವರ್ಷಗಳು ಕಳೆದು ಕೀಲು ಸಡಿಲವಾಗಿ ಎರಡು ತೋಳೂ ಅಲ್ಲಾಡತೊಡಗಿದಾಗ ಅದನ್ನು ಕಲ್ಲಿನ ಮೇಲಿಟ್ಟು ರಿವೆಟ್ಟಿನ ತಲೆಗೆ ಸುತ್ತಿಗೆಯಿಂದ ಹಗುರಾಗಿ ಎರಡು ಏಟು. ಚಾಕು ಪಳಗಿಸುವ ವಿದ್ಯೆಯ ಬಹುಪಾಲು ಇಷ್ಟರಲ್ಲೇ ಇದೆ.

ಉಳಿದ ಪಾಲು ತಿಳಿಯಬೇಕಾದರೆ ಚಾಕಿನ ಹೊಟ್ಟೆಯೊಳಗೆ ನೋಡಬೇಕು. ಬೀಗವಿಲ್ಲದ ಸಾದಾ ಮಡಿಸುವ ಚಾಕಿನಲ್ಲಿ ಮುಖ್ಯವಾಗಿ ಮೂರೇ ಭಾಗ: ಅಲಗು, ಅದು ತಿರುಗುವ ಕೀಲುಮೊಳೆ, ಹಿಡಿಯ ಬೆನ್ನಿಗೆ ಉದ್ದಕ್ಕೂ ಕೂತಿರುವ ಉಕ್ಕಿನ ಪಟ್ಟಿ. ಆ ಪಟ್ಟಿಯೇ ಸ್ಪ್ರಿಂಗು. ಅಲಗಿನ ಬುಡ ದುಂಡಗಿರುವುದಿಲ್ಲ, ಚೌಕದ ಹತ್ತಿರದ ಆಕಾರದಲ್ಲಿರುತ್ತದೆ. ಅಲಗು ಪೂರ್ತಿ ಮುಚ್ಚಿದಾಗ ಬುಡದ ಒಂದು ಚಪ್ಪಟೆ ಬದಿ ಸ್ಪ್ರಿಂಗಿಗೆ ಒರಗಿ ಕೂರುತ್ತದೆ, ಪೂರ್ತಿ ತೆರೆದಾಗ ಇನ್ನೊಂದು. ನಡುವೆ ತಿರುಗುವಾಗ ಮೂಲೆ ಸ್ಪ್ರಿಂಗನ್ನು ಮೇಲಕ್ಕೆತ್ತುತ್ತದೆ. ತೆರೆಯುವಾಗ ಉಗುರಿಗೆ ತಾಗುವ ಭಾರ ಆ ಎತ್ತುವಿಕೆಯದು. ಕೊನೆಯಲ್ಲಿ ಕೇಳುವ ‘ಟಕ್’ ಸದ್ದು ಸ್ಪ್ರಿಂಗು ಮತ್ತೆ ಚಪ್ಪಟೆ ಬದಿಯ ಮೇಲೆ ಬೀಳುವುದರದು.

ಚಾಕು ಕಟ್ಟುವ ಇಂಗ್ಲಿಷ್ ಕಸುಬುದಾರರು ಒಳ್ಳೆಯ ಚಾಕನ್ನು ಅಳೆಯುವುದು ಎರಡು ಗುಣದಿಂದ: ಅದು ಹೇಗೆ ನಡೆಯುತ್ತದೆ, ಹೇಗೆ ಮಾತಾಡುತ್ತದೆ. ನಡಿಗೆ ಎಂದರೆ ಅಲಗು ತಿರುಗುವಾಗಿನ ಸರಾಗ; ಮಾತು ಎಂದರೆ ಕೊನೆಯ ಆ ಸದ್ದು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಕಟ್ಟುವ ಕೆಲಸವೇ ಇಲ್ಲ. ನಡೆ-ನುಡಿ ಎನ್ನುವ ಜೋಡಿಪದ ಮನುಷ್ಯರಿಗೆಂದು ಹುಟ್ಟಿದ್ದು, ಚಾಕಿಗೂ ಹಾಗೇ ಒಪ್ಪುತ್ತದೆ.

ಈ ರಚನೆ ತಿಳಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಾಕಿನ ಎಲ್ಲ ಬಿಗಿಯೂ ದೋಷವಲ್ಲ. ಸ್ಪ್ರಿಂಗಿನ ಬಿಗಿ ಚಾಕಿನ ಕಾವಲು. ಅದಿಲ್ಲದಿದ್ದರೆ ಬೀಗವಿಲ್ಲದ ಅಲಗು ಕೆಲಸದ ನಡುವೆ ಬೆರಳ ಮೇಲೆ ಮಡಚಿಕೊಳ್ಳುತ್ತದೆ, ಜೇಬಿನಲ್ಲಿ ತಾನೇ ತೆರೆದುಕೊಳ್ಳುತ್ತದೆ. ಕಸದ ಬಿಗಿ, ತುಕ್ಕಿನ ಬಿಗಿ, ಅಂಟಿನ ಬಿಗಿ, ಮರದ ಬಿಗಿ, ಮೊಳೆಯ ಬಿಗಿ ಬೇರೆಬೇರೆ, ಒಂದೊಂದಕ್ಕೂ ಒಂದೊಂದು ಮದ್ದು. ಪರೀಕ್ಷೆ ಸುಲಭ. ಅಲಗನ್ನು ನಿಧಾನ ತೆರೆಯುತ್ತಾ ಹೋದರೆ ಸ್ಪ್ರಿಂಗಿನ ಭಾರ ಏರಿ, ಇಳಿದು, ಕೊನೆಗೆ ಮತ್ತೆ ಹಿಡಿಯುತ್ತದೆ. ಆದಿಯಿಂದ ಅಂತ್ಯದವರೆಗೆ ಒಂದೇ ಸಮ ಎಳೆತವಿದ್ದರೆ, ನಡುವೆ ಮರಳು ಅರೆದಂತೆ ಕರಕರ ಎನ್ನಿಸಿದರೆ, ತಪ್ಪು ಸ್ಪ್ರಿಂಗಿನದಲ್ಲ.

ಹೊಸ ಚಾಕಿನಲ್ಲಿ ಬಹುಪಾಲು ಆ ಕರಕರ ಕಾರ್ಖಾನೆಯ ಕೊಳೆಯೇ. ಅಲಗನ್ನು ಸಾಣೆಗೆ ಕೊಟ್ಟು ಹೊಳಪು ಹಚ್ಚುವಾಗ ಬಳಸುವ ಮೇಣದಂಥ ಪಾಲಿಷ್, ಅದರೊಳಗಿನ ನುಣುಪು ಪುಡಿ, ಲೋಹದ ಧೂಳು ಎಲ್ಲ ಕೀಲಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಅದನ್ನು ತೆಗೆಯದೆ ಮೇಲೆ ಎಣ್ಣೆ ಸುರಿದರೆ ಎಣ್ಣೆ ಮತ್ತು ಪುಡಿ ಕೂಡಿ ಅರೆಯುವ ಗಸಿಯಾಗುತ್ತದೆ.

ಆದ್ದರಿಂದ ಮೊದಲು ಸ್ನಾನ. ಅಲಗಿನ ಬಾಯಿಗೆ ಎರಡು ಸುತ್ತು ಟೇಪು ಸುತ್ತಬೇಕು. ಈ ಹೆಜ್ಜೆಯನ್ನು ಬಿಟ್ಟವರೇ ಬ್ಯಾಂಡೇಜು ಹುಡುಕುವವರು. ಬಟ್ಟಲಿನಲ್ಲಿ ಕೈ ತಾಳುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ. ನೀರೊಳಗೇ ಚಾಕನ್ನು ಇಪ್ಪತ್ತು ಸಲ ತೆರೆದು ಮುಚ್ಚಿದರೆ ನೀರಿಗೆ ಬೂದು ಬಣ್ಣ ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಹಲ್ಲುಕಡ್ಡಿ ಕೀಲಿನ ಸಂದಿಗೆ. ಸ್ವಚ್ಛ ನೀರಿನಲ್ಲಿ ತೊಳೆದು, ಜಾಡಿಸಿ, ಹೇರ್ ಡ್ರೈಯರಿನ ಗಾಳಿಯಲ್ಲಿ ಒಣಗಿಸಬೇಕು. ಮರದ ಹಿಡಿಯ ಚಾಕಿಗೆ ಮಾತ್ರ ಈ ಸ್ನಾನ ಬೇಡ. ಅದಕ್ಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಸಾಕು.

ಆಮೇಲೆ ಎಣ್ಣೆ. ಹೊಲಿಗೆ ಯಂತ್ರಕ್ಕೆ ಬಿಡುವ ಮೂತಿಯ ಬಾಟಲಿಯ ತೆಳು ಎಣ್ಣೆ ಯಾವ ಕಿರಾಣಿಯಲ್ಲೂ ಸಿಗುತ್ತದೆ. ಅಲಗನ್ನು ಅರ್ಧ ತೆರೆದು ಕೀಲಿನ ಎರಡೂ ಬದಿಗೆ ಒಂದೊಂದು ಹನಿ, ಸ್ಪ್ರಿಂಗು ಬುಡಕ್ಕೆ ತಾಗುವ ಕಡೆ ಇನ್ನೊಂದು. ಹತ್ತು ಸಲ ತೆರೆದು ಮುಚ್ಚಿ, ಬಿಳಿ ಬಟ್ಟೆಯಿಂದ ಒರೆಸಿದರೆ ಕೀಲಿನ ಸಂದಿಯಿಂದ ಕಾಡಿಗೆಯಂಥ ಕಪ್ಪು ದ್ರವ ಒಸರಿ ಬಟ್ಟೆಗೆ ಗೆರೆ ಎಳೆಯುತ್ತದೆ. ನೋಡಿದವರು ಚಾಕು ಸವೆದುಹೋಗುತ್ತಿದೆ ಎಂದು ಗಾಬರಿಯಾಗುವುದುಂಟು. ಹಾಗೇನಿಲ್ಲ, ಉಳಿದ ಕೊಳೆ ಹೊರಬರುತ್ತಿದೆ, ಅಷ್ಟೇ. ಮತ್ತೆ ಒಂದು ಹನಿ, ಮತ್ತೆ ಹತ್ತು ಸಲ. ಮೂರನೆಯ ಬಾರಿಗೆ ಗೆರೆ ಬೂದಾಗುತ್ತದೆ, ಐದನೆಯದಕ್ಕೆ ಎಣ್ಣೆ ಎಣ್ಣೆಯ ಬಣ್ಣದಲ್ಲೇ ಬರುತ್ತದೆ. ಅಷ್ಟು ಹೊತ್ತಿಗೆ ನಡೆ ಬದಲಾಗಿರುವುದು ಬೆರಳಿಗೆ ತಿಳಿಯುತ್ತದೆ.

ಅಡುಗೆ ಎಣ್ಣೆಯನ್ನು ಈ ಕೆಲಸಕ್ಕೆ ತರಬಾರದು. ಕುಸುಬೆ, ಸೂರ್ಯಕಾಂತಿ ಎಣ್ಣೆಗಳು ಗಾಳಿ ತಾಗಿ ನಿಧಾನವಾಗಿ ಅಂಟಾಗುತ್ತವೆ. ಒಗ್ಗರಣೆ ಒಲೆಯ ಹಿಂದಿನ ಗೋಡೆಯನ್ನು ಮುಟ್ಟಿ ನೋಡಿದವರಿಗೆ ಆ ಅಂಟಿನ ಪರಿಚಯವಿದೆ. ಡಬ್ಬಿಯಿಂದ ಚಿಮ್ಮಿಸುವ ಡಬ್ಲ್ಯುಡಿ-40 ತುಕ್ಕು ಬಿಡಿಸಲು, ಕೊಳೆ ತೊಳೆಯಲು ಒಳ್ಳೆಯದು. ಆದರೆ ಅದು ಬಹುಪಾಲು ಆವಿಯಾಗಿ ಹೋಗುವಂಥದ್ದು, ಕೀಲಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಅದರ ನಂತರ ಎಣ್ಣೆಯ ಹನಿ ಬೇಕೇ ಬೇಕು.

ಇನ್ನು ಪಳಗಿಸುವುದು. ಎಷ್ಟೇ ನುಣುಪಾಗಿ ಕಂಡರೂ ಹೊಸ ಲೋಹದ ಮೈ ಸೂಕ್ಷ್ಮದರ್ಶಕದ ಕೆಳಗೆ ಗುಡ್ಡ ಕಣಿವೆಗಳ ನಾಡು. ಎರಡು ಮೈಗಳು ಉಜ್ಜಿದಾಗ ಮೊದಲು ತಾಗುವುದು ಗುಡ್ಡದ ತುದಿಗಳು. ಅವು ಸವೆದು ಚಪ್ಪಟೆಯಾದಂತೆ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಎಳೆತ ಕಡಿಮೆಯಾಗುತ್ತದೆ. ಹೊಸ ಬೈಕಿಗೆ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನ ಓಡಿಸಿ ಎನ್ನುವುದೂ ಇದಕ್ಕೇ. ಉಜ್ಜುವಿಕೆ, ಸವೆತ, ಜಾರೆಣ್ಣೆ ಮೂರನ್ನೂ ಒಟ್ಟಿಗೆ ಓದುವ ವಿಜ್ಞಾನಕ್ಕೆ ಟ್ರೈಬಾಲಜಿ ಎಂಬ ಹೆಸರು ಚಾಲ್ತಿಗೆ ಬಂದದ್ದು 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ವರದಿಯಿಂದ. ಜಗಲಿಯ ಅಜ್ಜಿಗೆ ಅದು ಅದಕ್ಕಿಂತ ಮೊದಲೇ ಗೊತ್ತಿತ್ತು.

ಚಾಕಿನಲ್ಲಿ ಈ ಸವೆತ ಎಲ್ಲಿ ಆಗಬೇಕೆನ್ನುವುದನ್ನು ಕಸುಬುದಾರ ಮೊದಲೇ ಹದದಲ್ಲಿ ನಿರ್ಧರಿಸಿರುತ್ತಾನೆ. ಕಾಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕನ್ನು ಮತ್ತೆ ಹಿತವಾಗಿ ಬಿಸಿ ಮಾಡಿದಾಗ ಅದರ ಮೈಮೇಲೆ ಬಣ್ಣ ಮೂಡುತ್ತದೆ: ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಹಳೆಯ ಪದ್ಧತಿಯಲ್ಲಿ ಅಲಗನ್ನು ಹಳದಿಗೆ ನಿಲ್ಲಿಸುತ್ತಾರೆ, ಅದು ಗಡಸು. ಸ್ಪ್ರಿಂಗನ್ನು ನೀಲಿಗೆ ಬಿಡುತ್ತಾರೆ, ಅದು ಬಾಗಿಯೂ ಮುರಿಯದ್ದು. ಹಿಡಿಯ ಒಳಮೈಗೆ ಹಿತ್ತಾಳೆಯ ತಗಡು ಹಾಕುವುದೂ ಇದೇ ಲೆಕ್ಕದಲ್ಲಿ: ಉಕ್ಕಿಗೆ ಉಕ್ಕು ಉಜ್ಜಿ ಕಚ್ಚಿಕೊಳ್ಳುವಂತೆ ಹಿತ್ತಾಳೆ ಕಚ್ಚುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ.

ಉಕ್ಕು ಎನ್ನುವ ಮಾತು ಬಂದಾಗ ಹೈದರಾಬಾದನ್ನು ದಾಟಿ ಹೋಗುವುದು ಸಾಧ್ಯವಿಲ್ಲ. ಇಂಗ್ಲಿಷರು ‘ವೂಟ್ಜ್’ ಎಂದು ಬರೆದುಕೊಂಡ ಮೂಸೆಯ ಉಕ್ಕಿನ ಹೆಸರು ಕನ್ನಡ, ತೆಲುಗು ಎರಡರಲ್ಲೂ ಇರುವ ನಮ್ಮ ‘ಉಕ್ಕು’ ಪದದಿಂದಲೇ ಹೋದದ್ದೆಂದು ವಿದ್ವಾಂಸರ ಅಭಿಪ್ರಾಯ. ಅದು ತಯಾರಾಗುತ್ತಿದ್ದ ಹೆಸರಾಂತ ಊರುಗಳಲ್ಲಿ ಒಂದು ಕೋನಸಮುದ್ರಂ. ಆಗ ನಿಜಾಮರ ರಾಜ್ಯ, ಈಗ ತೆಲಂಗಾಣದ ನಿಜಾಮಾಬಾದ್ ಜಿಲ್ಲೆ. ಮಹಾ ತ್ರಿಕೋನಮಿತಿ ಸರ್ವೆಯ ವೈದ್ಯನೂ ಭೂವಿಜ್ಞಾನಿಯೂ ಆಗಿದ್ದ ಹೆನ್ರಿ ವಾಯ್ಸೆ ಅಲ್ಲಿನ ಮೂಸೆ, ಕುಲುಮೆ ನೋಡಿ ಬರೆದದ್ದು ಅವನು ತೀರಿಕೊಂಡ ಮೇಲೆ 1832ರಲ್ಲಿ ಪ್ರಕಟವಾಯಿತು. ಇಸ್ಫಹಾನಿನಿಂದ ಬಂದ ಪರ್ಷಿಯನ್ ವರ್ತಕ ಕುಲುಮೆಯ ಪಕ್ಕದಲ್ಲೇ ನಿಂತು ಉಕ್ಕು ಕೊಳ್ಳುತ್ತಿದ್ದನೆಂಬುದೂ ಆ ಬರಹದಲ್ಲಿದೆ.

ಆ ಉಕ್ಕಿನ ಚರಿತ್ರೆಯೆಂದರೆ ಎಲ್ಲರೂ ಕತ್ತಿಯ ಕಥೆ ಹೇಳುತ್ತಾರೆ. ಚಾಕಿನದೂ ಒಂದಿದೆ. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಭಾರತದ ಉಕ್ಕಿನ ಮಾದರಿಯ ಬಗ್ಗೆ ಬರೆದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಆ ಉಕ್ಕಿನ ತುಂಡೊಂದನ್ನು ಬಡಿದು ಮಾಡಿದ್ದು ಕತ್ತಿಯನ್ನಲ್ಲ, ಗರಿಯ ಲೇಖನಿ ಹೆರೆಯುವ ಪುಟ್ಟ ಚಾಕನ್ನು. ಬಡಿಯಲು ಬಲು ಕಷ್ಟವಾಯಿತು, ಆದರೆ ತನ್ನ ನಾಡಿನ ಉಕ್ಕಿಗಿಂತ ಇದರ ಬಾಯಿ ಹೆಚ್ಚು ನವಿರು, ಹೆಚ್ಚು ಬಾಳಿಕೆ ಎಂಬುದು ಅವನ ತೀರ್ಮಾನ. ಮುಂದೆ ಇದೇ ಸ್ಟೋಡಾರ್ಟ್ ಜೊತೆಗೂಡಿ ಮೈಕೆಲ್ ಫ್ಯಾರಡೆ 1820 ಮತ್ತು 1822ರಲ್ಲಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ಪ್ರಕಟಿಸಿದ. ಚಾಕುವಿನಂಗಡಿಯಲ್ಲಿ ಎದ್ದ ಕುತೂಹಲ ಪ್ರಯೋಗಾಲಯಕ್ಕೆ ಹೋದದ್ದು ಹೀಗೆ. ಆ ಲೇಖನಿ ಚಾಕಿನ ಹೆಸರನ್ನೇ ಇಂಗ್ಲಿಷಿನಲ್ಲಿ ಇಂದಿಗೂ ಜೇಬಿನ ಮಡಿಸುವ ಚಾಕು ಹೊತ್ತಿದೆ.

ಹೈದರಾಬಾದಿನ ಅತಿ ಪ್ರಸಿದ್ಧ ಚಾಕೂ ಯುದ್ಧದ್ದಲ್ಲ. 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜಹಾಂಗೀರನ ಕಠಾರಿಯ ಜೊತೆ ಹೆಸರು ಮಾಡಿದ್ದು ನೂರ್ ಜಹಾನಳ ಹಣ್ಣು ಕತ್ತರಿಸುವ ಚಾಕು.

ಮೊಳೆಯ ಬಿಗಿಗೆ ಬರೋಣ. ಈಗಿನ ಚಾಕುಗಳಲ್ಲಿ ಬಹಳಷ್ಟಕ್ಕೆ ರಿವೆಟ್ಟಿನ ಬದಲು ನಕ್ಷತ್ರದ ತಲೆಯ ಸ್ಕ್ರೂ ಇರುತ್ತದೆ. ಅದಕ್ಕೆ ಸರಿಹೊಂದುವ ಟಾರ್ಕ್ಸ್ ಬಿಟ್ಟು ಬೇಕು. ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿದರೆ ತಲೆ ಕೆಡುತ್ತದೆ. ಸಿಕಂದರಾಬಾದಿನ ರಾಣಿಗಂಜಿನ ಯಂತ್ರೋಪಕರಣದ ಅಂಗಡಿಸಾಲಿನಲ್ಲಿ ಕೇಳಬಹುದು. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿನ ಮೊಬೈಲ್ ರಿಪೇರಿಯವರ ಕೈಯಲ್ಲೂ ಇದೇ ಜಾತಿಯ ಸಣ್ಣ ಬಿಟ್ಟುಗಳೇ. ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಸಡಿಲಿಸಿ ನೋಡಬೇಕು, ಗಡಿಯಾರದ ಮುಳ್ಳು ಹನ್ನೆರಡರಿಂದ ಹತ್ತೂವರೆಗೆ ಹಿಂದೆ ಸರಿದಷ್ಟು. ಅಲಗು ಸರಾಗ ತಿರುಗಬೇಕು, ಆದರೆ ತೆರೆದಾಗ ಅಕ್ಕಪಕ್ಕ ಅಲ್ಲಾಡಬಾರದು. ಈ ಎರಡರ ನಡುವಿನ ಜಾಗ ಕೂದಲೆಳೆಯಷ್ಟು, ಸಿಗುವವರೆಗೆ ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ. ಸ್ಕ್ರೂ ಅಲುಗದಿದ್ದರೆ ಕಾರ್ಖಾನೆಯವರು ಅಂಟು ಹಾಕಿದ್ದಾರೆಂದು ಅರ್ಥ. ಬಿಸಿ ಸಾಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ತಾಗಿಸಿದರೆ ಅಂಟು ಮೆತ್ತಗಾಗುತ್ತದೆ.

ರಿವೆಟ್ಟಿನ ಚಾಕಿಗೆ ಈ ಸುಖವಿಲ್ಲ. ಬಿಗಿ ಮಾಡಲು ಸುತ್ತಿಗೆಯ ಎರಡು ಏಟು ಸಾಕು, ಸಡಿಲ ಮಾಡುವುದೇ ಕಷ್ಟ. ತೊಳೆದು, ಎಣ್ಣೆ ಬಿಟ್ಟು, ಸಂಜೆ ಟಿವಿ ಮುಂದೆ ಕೂತು ನೂರು ಸಲ ತೆರೆದು ಮುಚ್ಚುವುದು, ವಾರ ಬಿಟ್ಟು ನೋಡುವುದು ಒಳ್ಳೆಯ ದಾರಿ. ಟೂತ್‌ಪೇಸ್ಟು, ಪಾತ್ರೆಯ ಪುಡಿ ಹಾಕಿ ಬೇಗ ಸವೆಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಆ ಪುಡಿ ಎಲ್ಲಿ ಸವೆಯಬೇಕೋ ಅಲ್ಲಷ್ಟೇ ನಿಲ್ಲುವುದಿಲ್ಲ, ಮೊಳೆಯ ತೂತನ್ನೇ ಅಗಲ ಮಾಡುತ್ತದೆ. ಒಮ್ಮೆ ಅಗಲವಾದ ತೂತು ಮತ್ತೆ ಕಿರಿದಾಗುವುದಿಲ್ಲ.

ಪಳಗಿಸುವಾಗ ಇನ್ನೊಂದು ಎಚ್ಚರ ಬೇಕು. ಅಲಗನ್ನು ‘ಟಕ್’ ಎಂದು ತಾನೇ ಮುಚ್ಚಲು ಬಿಡುವುದು ಕಿವಿಗೆ ಹಿತ, ಆದರೆ ಕೆಲವು ಚಾಕುಗಳಲ್ಲಿ ಅಲಗಿನ ಬಾಯಿ ಹೋಗಿ ಒಳಗಿನ ಸ್ಪ್ರಿಂಗಿಗೆ ಬಡಿಯುತ್ತದೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಬಿದ್ದ ಪೆಟ್ಟಿನಿಂದ ಬಾಯಿಗೆ ಕಣ್ಣಿಗೆ ಕಾಣದ ಕಚ್ಚು ಬೀಳುತ್ತದೆ. ಆಮೇಲೆ ಟೊಮೆಟೊ ಕತ್ತರಿಸುವಾಗ ಅಲ್ಲೇ ಸಿಪ್ಪೆ ಸಿಕ್ಕಿಕೊಳ್ಳುತ್ತದೆ. ಕೊನೆಯ ಒಂದು ಅಂಗುಲ ಕೈಯಾರೆ ಇಳಿಸಬೇಕು.

ಸ್ವಿಟ್ಜರ್ಲೆಂಡಿನ ಕೆಂಪು ಚಾಕಿನ ವಿಷಯ ಸ್ವಲ್ಪ ಬೇರೆ. ಕಾರ್ಲ್ ಎಲ್ಸೆನರ್ 1897ರಲ್ಲಿ ಹಕ್ಕು ದಾಖಲಿಸಿಕೊಂಡ ಅಧಿಕಾರಿಗಳ ಚಾಕಿನಲ್ಲಿ ಒಂದೇ ಸ್ಪ್ರಿಂಗಿನ ಎರಡೂ ಬದಿಗೆ ಉಪಕರಣ ಕೂರಿಸಿದ್ದೇ ಜಾಣ್ಮೆ. ಹಾಗಾಗಿ ಅದರಲ್ಲಿ ಒಂದು ಅರ್ಧ ತೆರೆದಿರುವಾಗ ಅದೇ ಸ್ಪ್ರಿಂಗಿನ ಇನ್ನೊಂದರ ಹಿಡಿತ ಬದಲಾಗುತ್ತದೆ. ಬಿಗಿ ಎಷ್ಟಿದೆ ಎಂದು ನೋಡುವಾಗ ಉಳಿದವನ್ನೆಲ್ಲ ಪೂರ್ತಿ ಮುಚ್ಚಿ, ಒಂದೊಂದನ್ನೇ ತೆರೆಯಬೇಕು.

ಮರದ ಬಿಗಿ ಕಾಣಬೇಕಾದರೆ ಆಗಸ್ಟ್ ಬರಬೇಕು. ಫ್ರಾನ್ಸಿನ ಸಾವೊಯಿ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಚಾಕಿಗೆ ಬೆನ್ನಿನ ಸ್ಪ್ರಿಂಗೇ ಇಲ್ಲ. ಬೀಚ್ ಮರದ ಹಿಡಿ, ಅದರಲ್ಲಿ ಉದ್ದಕ್ಕೆ ಕೊರೆದ ಸೀಳು, ಸೀಳಿನೊಳಗೆ ಅಲಗು. ಅಲಗನ್ನು ಹಿಡಿದಿಡುವುದು ಮರದ ಒತ್ತುವಿಕೆಯೇ. ತೆರೆದಾಗ ಭದ್ರವಾಗಿ ನಿಲ್ಲಿಸುವ ಉಕ್ಕಿನ ಬಳೆ 1955ರಲ್ಲಿ ಸೇರಿತು. ಮರ ತೇವ ಕುಡಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ನಗಣ್ಯ, ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಅಂದರೆ ಮಳೆಗಾಲದಲ್ಲಿ ಸೀಳು ಕಿರಿದಾಗಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಹೈದರಾಬಾದಿನ ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಲಟಲಟ ಎನ್ನುವ ಅದೇ ಚಾಕು ಆಗಸ್ಟಿನಲ್ಲಿ ಉಗುರಿಗೆ ಜಗ್ಗುವುದಿಲ್ಲ. ಸಾವೊಯಿಯ ರೈತರ ಉಪಾಯ: ಬಳೆಯನ್ನು ಸಡಿಲಿಸಿ, ಹಿಡಿಯ ಹಿಮ್ಮಡಿಯನ್ನು ಮೇಜಿನ ಅಂಚಿಗೆ ಹಗುರಾಗಿ ಕುಟ್ಟುವುದು. ಅಲಗು ಉಗುರಿಗೆ ಸಿಗುವಷ್ಟು ಹೊರಗೆ ಇಣುಕುತ್ತದೆ.

ಬಾಗಿಲಿನ ಚೌಕಟ್ಟು ಮಳೆಗಾಲದಲ್ಲಿ ಹಿಡಿದಾಗ ಬಡಗಿ ಕೀಸುಳಿ ತರುವಂತೆ ಇಲ್ಲೂ ಸೀಳನ್ನು ಉಪ್ಪುಕಾಗದದಿಂದ ಉಜ್ಜಿ ಅಗಲಿಸುವ ಆಸೆಯಾಗುತ್ತದೆ. ತಡೆಯುವುದು ಒಳ್ಳೆಯದು. ಈಗ ಉಜ್ಜಿದರೆ ಬೇಸಿಗೆಯಲ್ಲಿ ಚಾಕು ಪೂರ್ತಿ ಸಡಿಲ. ಕೀಲಿಗೆ ಮೇಣದಬತ್ತಿಯ ಚೂರನ್ನೋ ಮೆತ್ತನೆ ಪೆನ್ಸಿಲಿನ ಸೀಸವನ್ನೋ ಉಜ್ಜಿ ಕಾಯಬೇಕು. ಬಿಸಿಲಿಗೆ ಇಡಲೂ ಬಾರದು, ಮರ ಸೀಳುತ್ತದೆ.

ದಿನವಿಡೀ ಮಡಿಸುವ ಚಾಕು ಹಿಡಿದೇ ಬದುಕುವವರು ಈ ಸೀಮೆಯಲ್ಲಿ ನರ್ಸರಿಯ ಕಸಿಗಾರರು. ಸಂಗಾರೆಡ್ಡಿಯ ಹಣ್ಣು ಸಂಶೋಧನಾ ಕೇಂದ್ರದಿಂದ ಹಿಡಿದು ಹೆದ್ದಾರಿ ಬದಿಯ ಸಣ್ಣ ನರ್ಸರಿಯವರೆಗೆ, ಮಾವಿನ ಕಸಿಯಾಗಲಿ ಗುಲಾಬಿಯ ಕಣ್ಣು ಕೂರಿಸುವುದಾಗಲಿ, ಕಸಿ ಚಾಕು ಇಲ್ಲದೆ ನಡೆಯದು. ಅದರ ಅಲಗಿನ ಒಂದು ಬದಿ ಬಹಳ ಸಲ ಸಪಾಟು, ಓರೆ ಇರುವುದು ಇನ್ನೊಂದು ಬದಿಗೆ ಮಾತ್ರ. ಕೊಯ್ದ ಮೈ ಕನ್ನಡಿಯಂತೆ ನೇರವಾಗಿ ಬರಬೇಕಲ್ಲ. ಬೇರುಗಿಡ ಮತ್ತು ಕಸಿಕಡ್ಡಿಯ ಮೈಗಳ ನಡುವೆ ಸಂದಿ ಉಳಿದರೆ ಕಸಿ ಹಿಡಿಯುವುದಿಲ್ಲ. ಇಂಥ ಚಾಕು ಬಿಗಿಯಾದರೆ ಕಾರಣ ಹುಡುಕಬೇಕಿಲ್ಲ, ಅದು ಮಾವಿನ ಸೊನೆ. ಎಳೆ ಕಡ್ಡಿ ಕೊಯ್ದಾಗ ಒಸರುವ ಸೊನೆ ಅಲಗಿನ ಬೆನ್ನಿನಿಂದ ಜಾರಿ ಕೀಲಿಗಿಳಿದು ಒಣಗಿದರೆ ಅರಗಿನಂತೆ ಕಚ್ಚುತ್ತದೆ. ನೀರಿಗೆ ಅದು ಬಗ್ಗುವುದಿಲ್ಲ. ಸ್ಪಿರಿಟ್ಟಿನಿಂದ ಒರೆಸಬೇಕು. ಅದರಿಂದ ಎರಡು ಲಾಭ: ಸೊನೆಯೂ ಹೋಗುತ್ತದೆ, ಒಂದು ಗಿಡದ ರೋಗ ಅಲಗಿನ ಮೂಲಕ ಇನ್ನೊಂದಕ್ಕೆ ದಾಟುವುದೂ ತಪ್ಪುತ್ತದೆ.

ಚಾಕು ಎಂದೊಡನೆ ಹೆದರುವವರಿಗೆ ಕಾನೂನಿನ ಮಾತು ಚುಟುಕಾಗಿ. ಶಸ್ತ್ರಾಸ್ತ್ರ ಕಾಯ್ದೆ 1959ರದು. ಅದರ ನಿಯಮಗಳ ಪಟ್ಟಿ ಆಯುಧವೆಂದು ಎಣಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಅಲಗುಗಳನ್ನು. ಅಡುಗೆಮನೆ, ಬೇಸಾಯ, ಉದ್ಯಮಕ್ಕೆಂದೇ ಮಾಡಿದವನ್ನು ಹೊರಗಿಟ್ಟಿದೆ. ಕೈಬೆರಳಿನಷ್ಟು ಉದ್ದದ ಜೇಬಿನ ಚಾಕು ಆ ಅಳತೆಗೆ ಎಲ್ಲೂ ಹತ್ತಿರ ಬರುವುದಿಲ್ಲ. ಶಂಷಾಬಾದಿನಲ್ಲಿ ವಿಮಾನ ಹತ್ತುವಾಗ ಮಾತ್ರ ಅದು ಕೈಚೀಲದಲ್ಲಿರದೆ ಲಗೇಜಿನಲ್ಲಿರಬೇಕು. ರಾಮಪುರಿ ಚಾಕಿನ ಸಿನಿಮಾ ಖ್ಯಾತಿ ಎಲ್ಲ ಮಡಿಸುವ ಚಾಕುಗಳ ಮೇಲೂ ಒಂದು ಮಸಿ ಬಳಿದುಬಿಟ್ಟಿದೆ. ಪೆನ್ಸಿಲ್ ಹೆರೆಯುವ, ಕೊರಿಯರ್ ಪೊಟ್ಟಣ ಬಿಚ್ಚುವ, ಪೇರಲೆಹಣ್ಣು ಹೋಳು ಮಾಡುವ ಚಾಕಿಗೆ ಆ ಮಸಿ ಸಲ್ಲದು.

ಪಳಗಿದ ಚಾಕು ಮತ್ತೆ ಬಿಗಿಯಾಗುವ ಒಂದು ಸಂದರ್ಭ ಹಳೆಯ ಊರಿನವರಿಗೆ ಗೊತ್ತು. ಸೈಕಲ್ಲಿನ ಪೆಡಲು ತುಳಿದು ಸಾಣೆಕಲ್ಲು ತಿರುಗಿಸುವವರು ಗಲ್ಲಿಗೆ ಬಂದಾಗ ಅಡುಗೆಮನೆಯ ಚಾಕು, ಕತ್ತರಿಗಳ ಜೊತೆ ಜೇಬಿನ ಚಾಕನ್ನೂ ಕೊಡುತ್ತಾರೆ. ಕಲ್ಲಿನಿಂದ ಕಿಡಿ ಹಾರುತ್ತದೆ, ಅಲಗಿಗೆ ಬಾಯಿ ಬರುತ್ತದೆ. ಕಲ್ಲಿನ ಪುಡಿಯೂ ಉಕ್ಕಿನ ಪುಡಿಯೂ ನೇರ ಕೀಲಿಗೆ ಹೋಗಿ ಕೂರುತ್ತದೆ. ಕೊಡುವ ಮುನ್ನ ಕೀಲಿನ ಸುತ್ತ ಒಂದು ತುಂಡು ಟೇಪು ಅಂಟಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಮರೆತಿದ್ದರೆ ಮತ್ತೆ ಬಟ್ಟಲು, ಬಿಸಿನೀರು, ನಾಲ್ಕು ಹನಿ ಸೋಪು, ಮತ್ತೆ ಬಿಳಿ ಬಟ್ಟೆಯ ಮೇಲೆ ಆ ಕಪ್ಪು ಗೆರೆ.